ಕಡಲಲ್ಲಿ ಇಂಜಿನ್ ನಿಂತರೆ ಮೊದಲು ಲಂಗರು, ಆಮೇಲೆ ಪಾನಾ

ದೀಪಾವಳಿ ಮುಗಿಯುತ್ತಿದ್ದಂತೆ ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಇಂಜಿನ್ ರಿಪೇರಿ ಶೆಡ್ಡಿಗೆ ಒಂದೇ ಪ್ರಶ್ನೆ ಬರೋಕೆ ಶುರುವಾಗುತ್ತದೆ. "ಕಾಕಾ, ನಾವು ನಾಕ್ ಮಂದಿ ಕೂಡಿ ದೋಣಿ ತಗೊಂಡೇವಿ. ಕಾರವಾರದಾಗ ಇಟ್ಟೇವಿ. ನಡು ನೀರಾಗ ಇಂಜಿನ್ ಬಂದ್ ಆದ್ರ ಏನ್ ಮಾಡೂದು?" ಹುಬ್ಬಳ್ಳಿಯವರು, ಧಾರವಾಡದವರು, ಗದಗಿನಿಂದ ಇಂಜಿನ್ ಹೊತ್ತು ತರುವವರು, ಎಲ್ಲರದ್ದೂ ಇದೇ. ಒಬ್ಬೊಬ್ಬರಿಗೂ ಚಹಾ ಕುಡಿಸಿ ಹೇಳಿ ಸಾಕಾಗಿದೆ. ಅದಕ್ಕೇ ಒಮ್ಮೆ ಬರೆದು ಬಿಡುತ್ತೇನೆ.

ನಮ್ಮ ಕಡೆಯವರು ಮಾಡುವ ದೊಡ್ಡ ತಪ್ಪು ಒಂದೇ. ರಸ್ತೆಯ ಬುದ್ಧಿಯನ್ನು ನೀರಿಗೂ ಒಯ್ಯುತ್ತೇವೆ. ವರೂರಿನ ಹತ್ತಿರ ಗಾಡಿ ಕೆಟ್ಟರೆ ಬದಿಗೆ ಹಾಕಿ ಬಾನೆಟ್ ಎತ್ತುತ್ತೀರಿ. ಒಂದು ತಾಸು ಒದ್ದಾಡಿದರೂ ಗಾಡಿ ಅಲ್ಲೇ ಇರುತ್ತದೆ. ಕಡಲಲ್ಲಿ ಹಾಗಲ್ಲ. ಇಂಜಿನ್ ನಿಲ್ಲುತ್ತದೆ, ದೋಣಿ ನಿಲ್ಲುವುದಿಲ್ಲ. ನೀವು ತಲೆ ಬಗ್ಗಿಸಿ ಪ್ಲಗ್ ಬಿಚ್ಚುತ್ತಿರುವಾಗ ಅದು ಸುಮ್ನೆ ಬಂಡೆಯ ಕಡೆಗೋ, ಆಳದ ಕಡೆಗೋ ಸರಿಯುತ್ತಿರುತ್ತದೆ.

ಇದು 15ರಿಂದ 25 ಅಡಿಯ ಸಣ್ಣ ದೋಣಿಯವರಿಗಾಗಿ. ಕಾರವಾರದಿಂದ ಹೊನ್ನಾವರದ ತನಕ ದಡ ಕಾಣುವಷ್ಟು ದೂರದಲ್ಲೇ ಹೋಗಿ ಬರುವವರಿಗೆ. ನಿಮ್ಮದು ಬಹುಶಃ ಔಟ್‌ಬೋರ್ಡ್ ಇರುತ್ತದೆ, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ, ಬೇಕಾದಾಗ ಬಿಚ್ಚಿ ಒಯ್ಯಬಹುದಾದ ಇಂಜಿನ್. ದೋಣಿಯ ಒಳಗೇ ಕೂಡಿಸಿದ ಡೀಸೆಲ್ ಇಂಜಿನ್ ಇದ್ದವರಿಗೆ ಕೊನೆಯ ಕಡೆ ಬೇರೆ ಹೇಳಿದ್ದೇನೆ.

ಹುಬ್ಬಳ್ಳಿ ಬಿಡುವ ಮುಂಚೆ

ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದ ಮೇಲೆ ನೆನಪಾಗುವ ಸಾಮಾನು ಅಂಕೋಲಾದಲ್ಲಿ ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ. ಅದರಲ್ಲೂ ಭಾನುವಾರ. ಎಲ್ಲವನ್ನೂ ಇಲ್ಲೇ ಕಟ್ಟಿಕೊಂಡು ಹೋಗಿ.

ಪೆಟ್ಟಿಗೆಯಲ್ಲಿ ಇರಬೇಕಾದದ್ದು: ನಿಮ್ಮ ಇಂಜಿನ್ನಿನದ್ದೇ ನಂಬರಿನ ಸ್ಪಾರ್ಕ್ ಪ್ಲಗ್ ಒಂದು ಜೊತೆ, ಪ್ಲಗ್ ಪಾನಾ, ಪೆಟ್ರೋಲ್ ಫಿಲ್ಟರ್ ಎರಡು, ಒಂದು ಮೀಟರ್ ಪೆಟ್ರೋಲ್ ಪೈಪು, ನಾಲ್ಕು ಕ್ಲಿಪ್ಪು, ಫ್ಯೂಸು, ಇನ್ಸುಲೇಷನ್ ಟೇಪು, ಸ್ವಲ್ಪ ವಾಯರು, ಪಕ್ಕಡ, ಸ್ಕ್ರೂ ಡ್ರೈವರ್, ಚೂಪಾದ ಚಾಕು, ಕೈಯಲ್ಲಿ ಎಳೆದು ಚಾಲೂ ಮಾಡುವ ತುರ್ತು ಹಗ್ಗ. ಫ್ಯಾನಿನ ಪಿನ್ನು ಎರಡು ಜಾಸ್ತಿಯೇ ಇರಲಿ. (ಪ್ರೊಪೆಲ್ಲರ್‌ಗೆ ಎಲ್ಲರೂ ಫ್ಯಾನು ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.) ಪಾನಾಗಳಿಗೆ ಗ್ರೀಸ್ ಸವರಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಉಪ್ಪುಗಾಳಿಗೆ ಬಿಟ್ಟರೆ ಒಂದೇ ಸೀಸನ್‌ನಲ್ಲಿ ಪಕ್ಕಡ ಬಾಯಿ ಬಿಡುವುದಿಲ್ಲ.

ಪೆಟ್ಟಿಗೆಯ ಹೊರಗೆ ಇರಬೇಕಾದದ್ದು ಇದಕ್ಕಿಂತ ಮುಖ್ಯ. ಎರಡು ಹುಟ್ಟು. ಒಳ್ಳೆಯ ಲಂಗರು, ಅದಕ್ಕೆ ಎರಡು ಮೂರು ಮೀಟರ್ ಸರಪಳಿ, ಅದರ ಹಿಂದೆ ಕನಿಷ್ಠ 60 ಮೀಟರ್ ಹಗ್ಗ. ಎಳೆಸಿಕೊಳ್ಳಲು ಬೇರೆಯದೇ ಒಂದು ದಪ್ಪ ಹಗ್ಗ, 30 ಮೀಟರ್. ತಲೆಗೊಂದು ಲೈಫ್ ಜಾಕೆಟ್. ಸೀಟಿ, ಟಾರ್ಚು, ಪವರ್ ಬ್ಯಾಂಕು, ಟೋಪಿ, ತಲೆಗೆ ಎರಡು ಲೀಟರ್ ನೀರು. ಕೈಯಲ್ಲಿ ಹಿಡಿಯುವ ವಿಎಚ್‌ಎಫ್, ಅಂದರೆ ದೋಣಿಗಳು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೋ, ಇದ್ದರೆ ಬಹಳ ಒಳ್ಳೆಯದು. ಅದಕ್ಕೆ ಬೇಕಾದ ಪರವಾನಗಿಯನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಎಣ್ಣೆಯ ಲೆಕ್ಕ ಸುಲಭ. ಮೂರರಲ್ಲಿ ಒಂದು ಪಾಲು ಹೋಗೋಕೆ, ಒಂದು ಪಾಲು ಬರೋಕೆ, ಒಂದು ಪಾಲು ಮುಟ್ಟಲೇಬಾರದು. ಕೆಟ್ಟಿತು ಅಂತ ಫೋನ್ ಬರುವ ಇಂಜಿನ್‌ಗಳಲ್ಲಿ ಎಷ್ಟೋ ಕೆಟ್ಟೇ ಇರುವುದಿಲ್ಲ. ಟ್ಯಾಂಕ್ ಖಾಲಿ, ಅಷ್ಟೇ.

ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ. ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ದೋಣಿಯ ಬಣ್ಣ ಏನು, ಎಷ್ಟು ಗಂಟೆಗೆ ವಾಪಸ್. "ಸಂಜೆ 4ಕ್ಕೆ ಫೋನ್ ಬರಲಿಲ್ಲ ಅಂದ್ರ ಹುಡುಕಾಕ ಹಚ್ರಿ" ಅಂತ ಸ್ಪಷ್ಟವಾಗಿ ಹೇಳಿ. ಮನೆಯಲ್ಲಿ ಸುಮ್ನೆ "ಕಾರವಾರಕ್ಕೆ ಹೊಂಟೇವಿ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಇರುತ್ತದೆ. "ನಾವೇನು ಮೀನು ಹಿಡಿಯೋಕ್ಕೆ ಹೋಗೂದಿಲ್ಲಲ್ಲ" ಅಂತ ಕೇಳುವವರಿದ್ದಾರೆ. ಆ ಹೊತ್ತಿನಲ್ಲಿ ಕಡಲು ಮೊದಲೇ ಕೆಟ್ಟದಾಗಿರುತ್ತದೆ. ಅದರ ಮೇಲೆ ನಿಮ್ಮನ್ನು ಎಳೆದು ತರೋಕೆ ಒಂದು ಬೋಟೂ ಹೊರಗೆ ಇರುವುದಿಲ್ಲ.

ಹಂತ 1: ಮೊದಲ ಎರಡು ನಿಮಿಷ

ಇಂಜಿನ್ ನಿಂತಿತು. ಕವರ್ ಮುಟ್ಟಬೇಡಿ.

ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಮೊದಲೇ ಹಾಕಿದ್ದರೆ ಹುಕ್ ಬಿಗಿ ಮಾಡಿ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಕಾರವಾರದ ಹತ್ತಿರ ಮಗುಚಿದಾಗ ಸತ್ತವರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು. ಬಯಲುಸೀಮೆಯಲ್ಲಿ ಬೆಳೆದ ನಮ್ಮಲ್ಲಿ ಈಜು ಬರುವವರು ಕಡಿಮೆ. ಬಾವಿಯಲ್ಲಿ ಈಜಿದವರಿಗೂ ಕಡಲು ಬೇರೆಯದೇ.

ಆಮೇಲೆ ಲಂಗರು. ಕಾರವಾರ, ಅಂಕೋಲಾ ಕಡೆ ದಡದ ಹತ್ತಿರ ಆಳ ಜಾಸ್ತಿ ಇಲ್ಲ, ತಳ ಹೆಚ್ಚಾಗಿ ಕೆಸರು, ಮರಳು. ಲಂಗರು ಹಿಡಿಯುತ್ತದೆ. ಆದರೆ ಹಾಕುವ ರೀತಿ ಇದೆ.

ಹಗ್ಗದ ಬಾಲ ದೋಣಿಗೆ ಕಟ್ಟಿದೆಯೇ ನೋಡಿ. ನಗಬೇಡಿ, ಗಾಬರಿಯಲ್ಲಿ ಲಂಗರಿನ ಜೊತೆ ಇಡೀ ಹಗ್ಗವನ್ನೇ ಸಮುದ್ರಕ್ಕೆ ದಾನ ಮಾಡಿದವರನ್ನು ನಾನು ಬಲ್ಲೆ. ದೋಣಿಯ ಮೂತಿಯಿಂದಲೇ ಇಳಿಸಿ, ಹಿಂಬದಿಯಿಂದ ಬೇಡ. ಹಿಂದೆ ಕಟ್ಟಿದರೆ ಇಂಜಿನ್ ಇರುವ ತಗ್ಗು ಕಡೆ ಅಲೆಗೆ ಎದುರಾಗುತ್ತದೆ, ನೀರು ನೇರ ಒಳಗೆ ಬರುತ್ತದೆ. ಎಸೆಯಬೇಡಿ, ಇಳಿಸಿ. ತಳ ಮುಟ್ಟಿದ ಮೇಲೆ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಿ. 8 ಮೀಟರ್ ಆಳ ಇದ್ದರೆ 40 ಮೀಟರ್ ಆದರೂ ಬೇಕು. ಕಡಿಮೆ ಬಿಟ್ಟರೆ ಲಂಗರು ಮೇಲಕ್ಕೆ ಎಳೆದುಕೊಂಡು ಜಾರುತ್ತದೆ.

ಹಿಡಿದಿದೆಯೋ ಇಲ್ಲವೋ ತಿಳಿಯೋಕೆ ದಡದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತು ಹುಡುಕಿ. ಮುಂದೆ ಒಂದು ತೆಂಗಿನ ಮರ, ಹಿಂದೆ ಗುಡ್ಡದ ಮೇಲಿನ ಮೊಬೈಲ್ ಟವರ್. ಐದು ನಿಮಿಷ ಬಿಟ್ಟು ನೋಡಿ. ಮರ, ಟವರ್ ಎರಡೂ ಒಂದೇ ಗೆರೆಯಲ್ಲಿದ್ದರೆ ನೀವು ನಿಂತಿದ್ದೀರಿ. ಟವರ್ ಮರದ ಮರೆಯಿಂದ ಆಚೆ ಬಂದಿದ್ದರೆ ಜಾರುತ್ತಿದ್ದೀರಿ, ಇನ್ನಷ್ಟು ಹಗ್ಗ ಬಿಡಿ.

ಲಂಗರು ತಳ ಮುಟ್ಟದಷ್ಟು ಆಳವಿದ್ದರೆ ಗಟ್ಟಿ ಹಿಡಿಕೆಯ ಬಕೆಟ್ ಒಂದನ್ನು ಹಗ್ಗಕ್ಕೆ ಕಟ್ಟಿ ಮೂತಿಯಿಂದ ನೀರಿಗೆ ಬಿಡಿ. ದೋಣಿ ನಿಲ್ಲುವುದಿಲ್ಲ, ಆದರೆ ನಿಧಾನವಾಗುತ್ತದೆ. ಮೂತಿ ಅಲೆಯ ಕಡೆ ತಿರುಗಿ ನಿಲ್ಲುತ್ತದೆ. ಅದೇ ಮುಖ್ಯ.

ಹಂತ 2: ಎಲ್ಲಿದ್ದೀರಿ, ಎತ್ತ ಹೋಗುತ್ತೀರಿ

ಚಳಿಗಾಲದಲ್ಲಿ ಗಾಳಿಯ ನಡತೆ ಗೊತ್ತಿರಲಿ. ಬೆಳಗಿನ ಜಾವದಿಂದ ಒಂಬತ್ತು ಹತ್ತು ಗಂಟೆಯ ತನಕ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನದ ಮೇಲೆ ತಿರುಗಿ ಕಡಲಿಂದ ನೆಲಕ್ಕೆ. ಅಂದರೆ ಬೆಳಿಗ್ಗೆ ಕೆಟ್ಟ ದೋಣಿ ಆಳಕ್ಕೆ ಹೋಗುತ್ತದೆ, ಮಧ್ಯಾಹ್ನ ಕೆಟ್ಟದ್ದು ಬಂಡೆಗೆ ಬರುತ್ತದೆ. ಬಂಡೆ ಹತ್ತಿರವಿದ್ದರೆ ನಿಮಗೆ ಸಮಯ ಕಡಿಮೆ. ರಿಪೇರಿ ಯೋಚನೆ ಬಿಟ್ಟು ಸಹಾಯ ಕೇಳಿ.

ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬ್ಯಾಟರಿ ಹೋದ ಮೇಲೆ ಕಾಗದವೇ ಗತಿ.

ಯಾರಿಗೆ ಫೋನ್? ಕೋಸ್ಟ್ ಗಾರ್ಡ್ 1554. ಕರಾವಳಿ ಕಾವಲು ಪೊಲೀಸ್ 1093. ಎರಡೂ ಸಿಗದಿದ್ದರೆ 112. ರೇಡಿಯೋದಲ್ಲಿ ಚಾನೆಲ್ 16. ಜೀವಕ್ಕೆ ಅಪಾಯವಿದ್ದರೆ "ಮೇ ಡೇ" ಅಂತ ಮೂರು ಸಲ. ಇಂಜಿನ್ ಮಾತ್ರ ಕೆಟ್ಟಿದೆ, ಲಂಗರು ಹಿಡಿದಿದೆ, ಯಾರೂ ಗಾಯಗೊಂಡಿಲ್ಲ ಅಂದರೆ "ಪ್ಯಾನ್ ಪ್ಯಾನ್" ಅಂತ ಮೂರು ಸಲ. ಆಮೇಲೆ ದೋಣಿಯ ಹೆಸರು, ಬಣ್ಣ, ಜಾಗ, ಜನ ಎಷ್ಟು, ಏನಾಗಿದೆ. ಸುಮ್ನೆ "ಹೆಲ್ಪ್ ಹೆಲ್ಪ್" ಅಂತ ಕೂಗಿದರೆ ಕೇಳಿದವನಿಗೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುವುದಿಲ್ಲ.

ಕಾರವಾರದ ದಕ್ಷಿಣಕ್ಕೆ ಅರಗಾದ ಹತ್ತಿರ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಅಲ್ಲಿನ ನೀರಿಗೆ, ಅಂಜುದೀವ್ ದ್ವೀಪದ ಕಡೆಗೆ ನಮಗೆ ಪ್ರವೇಶವಿಲ್ಲ. ಕೆಟ್ಟ ದೋಣಿ ಅತ್ತ ಸರಿಯುತ್ತಿದ್ದರೆ ತಕ್ಷಣ ಫೋನ್ ಮಾಡಿ ಹೇಳಿ. ದಡ ಸಿಕ್ಕಿತು ಅಂತ ಅಲ್ಲಿ ಇಳಿದು ನಡೆಯೋಕೆ ಹೋಗಬೇಡಿ.

ಹಂತ 3: ಹೇಗೆ ನಿಂತಿತು ಅಂತ ನೆನಪಿಸಿಕೊಳ್ಳಿ

ಈಗ ಇಂಜಿನ್ ಕಡೆ ತಿರುಗಿ. ಆದರೆ ಇನ್ನೂ ಪಾನಾ ಬೇಡ. ಟಕ್ ಅಂತ ಸ್ವಿಚ್ ಆರಿಸಿದ ಹಾಗೆ ನಿಂತಿತೇ? ಕರೆಂಟಿನ ಕಡೆ ನೋಡಿ. ಕೆಮ್ಮಿ ಕೆಮ್ಮಿ, ಒಮ್ಮೆ ಎದ್ದು ಒಮ್ಮೆ ಬಿದ್ದು ನಿಂತಿತೇ? ಎಣ್ಣೆ. ಪೀಪೀ ಅಂತ ಚೀರಿ ನಿಂತಿತೇ? ಬಿಸಿಯಾಗಿದೆ. ಇಂಜಿನ್ ಓಡುತ್ತಲೇ ಇದೆ, ದೋಣಿ ಹೋಗುತ್ತಿಲ್ಲವೇ? ಫ್ಯಾನು.

ಹಂತ 4: ಎಣ್ಣೆಯ ದಾರಿ

ನನ್ನ ಅನುಭವದಲ್ಲಿ ಹೆಚ್ಚಿನ ತೊಂದರೆ ಇಲ್ಲೇ. ಟ್ಯಾಂಕಿನಿಂದ ಇಂಜಿನ್ ತನಕ ಎಣ್ಣೆ ಬರುವ ದಾರಿಯಲ್ಲಿ ಬೆರಳಿಟ್ಟುಕೊಂಡು ನಡೆಯಿರಿ.

ಮೊದಲು ಟ್ಯಾಂಕಿನ ಮುಚ್ಚಳ. ಅದರ ಮೇಲೆ ಒಂದು ಸಣ್ಣ ತಿರುಪು ಇರುತ್ತದೆ, ಒಳಗೆ ಗಾಳಿ ಹೋಗೋಕೆ. ಗಾಡಿಯಲ್ಲಿ ತರುವಾಗ ಮುಚ್ಚಿರುತ್ತೇವೆ, ದೋಣಿಯಲ್ಲಿ ತೆರೆಯೋಕೆ ಮರೆಯುತ್ತೇವೆ. ಗಾಳಿ ಒಳಗೆ ಹೋಗದಿದ್ದರೆ ಎಣ್ಣೆ ಹೊರಗೆ ಬರುವುದಿಲ್ಲ. ನಾನೇ ಒಮ್ಮೆ ದೇವಬಾಗದ ಎದುರು ಅರ್ಧ ತಾಸು ಹಗ್ಗ ಎಳೆದು, ಅಂಗೈಗೆ ಬೊಬ್ಬೆ ಬರಿಸಿಕೊಂಡು, ಎರಡೂ ಪ್ಲಗ್ ಬಿಚ್ಚಿ ಒರೆಸಿ, ಕೊನೆಗೆ ಕುಸಿದು ಕುಳಿತಾಗ ಟ್ಯಾಂಕಿನ ಮೇಲೆ ಕಣ್ಣು ಬಿತ್ತು. ಕೆಂಪು ಪ್ಲಾಸ್ಟಿಕ್ ಟ್ಯಾಂಕಿನ ಎರಡೂ ಮಗ್ಗುಲು ಹಸಿದ ದನದ ಹೊಟ್ಟೆಯ ಹಾಗೆ ಒಳಗೆ ಹೋಗಿದ್ದವು. ತಿರುಪು ಸಡಿಲಿಸಿದೆ. ಉಸ್ ಅಂತ ಗಾಳಿ ಎಳೆದುಕೊಂಡು ಟ್ಯಾಂಕ್ ಟಪ್ ಅಂತ ಮೊದಲಿನ ಆಕಾರಕ್ಕೆ ಬಂತು. ಎರಡನೇ ಎಳೆತಕ್ಕೆ ಇಂಜಿನ್ ಚಾಲೂ. ಜೊತೆಗಿದ್ದವರು ಇವತ್ತಿಗೂ ನನಗೆ "ಮೆಕ್ಯಾನಿಕ್ ಕಾಕಾ" ಅಂತ ಒಂದು ನಮೂನೆ ಕರೆಯುತ್ತಾರೆ.

ಮುಂದೆ ಪ್ರೈಮರ್ ಬಲ್ಬ್, ಅಂದರೆ ಪೈಪಿನ ನಡುವಿನ ರಬ್ಬರ್ ಉಂಡೆ. ಅದರ ಮೇಲಿನ ಬಾಣದ ಗುರುತು ಇಂಜಿನ್ ಕಡೆ ಇರಬೇಕು. ಹಿಂಡಿ. ಗಟ್ಟಿಯಾಗಬೇಕು. ಎಷ್ಟು ಹಿಂಡಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಟ್ಯಾಂಕ್ ಖಾಲಿ. ಪೈಪಿನ ಎರಡೂ ತುದಿಯ ಕನೆಕ್ಟರ್ ಬಿಚ್ಚಿ ಮತ್ತೆ ಟಕ್ ಅನ್ನುವ ತನಕ ಒತ್ತಿ. ಪೈಪಿನ ಮೇಲೆ ಯಾರಾದರೂ ಕಾಲಿಟ್ಟಿದ್ದಾರೋ, ಊಟದ ಡಬ್ಬಿಯ ಚೀಲ ಇಟ್ಟಿದ್ದಾರೋ ನೋಡಿ.

ಆಮೇಲೆ ನೀರು. ಈಗ ಬಂಕಿನಲ್ಲಿ ಸಿಗುವುದು ಶೇ. 20ರ ತನಕ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರುತ್ತದೆ. ಕರಾವಳಿಯ ತೇವದ ಹವೆಯಲ್ಲಿ, ಅರ್ಧ ತುಂಬಿದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಒಂದು ಹಂತದಲ್ಲಿ ಎಥನಾಲ್, ನೀರು ಎರಡೂ ಸೇರಿ ತಳಕ್ಕೆ ಇಳಿದು ಬೇರೆ ಪದರವಾಗಿ ನಿಲ್ಲುತ್ತವೆ. ಟ್ಯಾಂಕಿನ ಪೈಪು ಎಳೆಯುವುದೂ ತಳದಿಂದಲೇ. ಫಿಲ್ಟರ್ ಕಪ್ಪಿನಲ್ಲಿರುವುದನ್ನು ಒಂದು ಪಾರದರ್ಶಕ ಸೀಸೆಗೆ ಸುರಿದು ಬೆಳಕಿಗೆ ಹಿಡಿಯಿರಿ. ಎರಡು ಪದರ ಕಂಡರೆ ಆ ಟ್ಯಾಂಕಿನ ಎಣ್ಣೆ ಬೇಡ. ಫಿಲ್ಟರ್ ಬದಲಿಸಿ, ಬೇರೆ ಕ್ಯಾನಿನ ಎಣ್ಣೆ ಹಾಕಿ. ಹೋದ ಸೀಸನ್‌ನ ಉಳಿದ ಪೆಟ್ರೋಲ್ ದೋಣಿಗೆ ಹಾಕಲೇಬೇಡಿ. ಕೆಟ್ಟ ಎಣ್ಣೆಯನ್ನು ಸಮುದ್ರಕ್ಕೆ ಚೆಲ್ಲಬೇಡಿ, ಕ್ಯಾನಿನಲ್ಲೇ ವಾಪಸ್ ತನ್ನಿ.

ಟೂ ಸ್ಟ್ರೋಕ್ ಇಂಜಿನ್ ಇದ್ದವರು ಪೆಟ್ರೋಲಿಗೆ ಆಯಿಲ್ ಬೆರೆಸುತ್ತೀರಿ. 50ಕ್ಕೆ 1 ಅಂದರೆ 10 ಲೀಟರಿಗೆ 200 ಮಿಲಿ. ನಿಮ್ಮ ಇಂಜಿನ್ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಫೋರ್ ಸ್ಟ್ರೋಕ್‌ಗೆ ಬೆರೆಸುವ ಹಾಗೇ ಇಲ್ಲ. ಇಬ್ಬರು ಪಾಲುದಾರರಲ್ಲಿ ಒಬ್ಬರು ಬೆರೆಸಿ, ಗೊತ್ತಿಲ್ಲದೆ ಇನ್ನೊಬ್ಬರೂ ಬೆರೆಸಿದರೆ ಪ್ಲಗ್ ಕರಿಕಟ್ಟಿ ನಿಲ್ಲುತ್ತದೆ. ಕ್ಯಾನಿನ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ.

ಮೀನುಗಾರರ ಕೈಯಿಂದ ಹಳೆಯ ಸೀಮೆಎಣ್ಣೆ ಇಂಜಿನ್ ಕೊಂಡವರಿಗೆ ಒಂದು ಮಾತು. ಅದು ಚಾಲೂ ಆಗುವುದು ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಓಡುವುದು ಸೀಮೆಎಣ್ಣೆಯಲ್ಲಿ. ಬಂದ್ ಮಾಡುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಇಲ್ಲದಿದ್ದರೆ ಕಾರ್ಬ್ಯುರೇಟರ್‌ನಲ್ಲಿ ಸೀಮೆಎಣ್ಣೆ ಉಳಿದು, ತಣ್ಣಗಾದ ಮೇಲೆ ಇಂಜಿನ್ ಏಳುವುದೇ ಇಲ್ಲ.

ಎಲ್ಲ ಸರಿ ಇದ್ದೂ ಏಳುತ್ತಿಲ್ಲ, ಪೆಟ್ರೋಲ್ ವಾಸನೆ ಗಮ್ ಅಂತ ಬರುತ್ತಿದೆ ಅಂದರೆ ಇಂಜಿನ್ ಓವರ್ ಆಗಿದೆ, ಒಳಗೆ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಒದ್ದೆಯಾಗಿದೆ. ಬೈಕಿಗೆ ಆಗುವುದೇ ಇದಕ್ಕೂ. ಚೋಕ್ ಪೂರ್ತಿ ಒಳಗೆ ತಳ್ಳಿ, ಪ್ಲಗ್ ಬಿಚ್ಚಿ ಒರೆಸಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಪ್ಲಗ್ ಹೊರಗಿಟ್ಟು ಕಿಡಿ ನೋಡುವ ಚಟ ಇದ್ದವರು ಪೆಟ್ರೋಲ್ ಆವಿ ತುಂಬಿದ ದೋಣಿಯಲ್ಲಿ ಅದನ್ನು ಮಾಡಬೇಡಿ. ಬೀಡಿ ಸಿಗರೇಟಿನ ಮಾತಂತೂ ಹೇಳಬೇಕಿಲ್ಲ, ಅಲ್ವಾ?

ಹಂತ 5: ಕರೆಂಟು

ಮೊದಲು ಕಿಲ್ ಸ್ವಿಚ್. ಸುರುಳಿಯಾಗಿರುವ ಕೆಂಪು ದಾರ, ಅದರ ತುದಿಯ ಕ್ಲಿಪ್ಪು. ಓಡಿಸುವವರು ನೀರಿಗೆ ಬಿದ್ದರೆ ದಾರ ಕಿತ್ತು ಇಂಜಿನ್ ನಿಲ್ಲಲಿ ಅಂತ ಮಾಡಿದ್ದು. ಮೊಣಕೈ ತಾಗಿದರೂ ಕಿತ್ತು ಬರುತ್ತದೆ. ಟಕ್ ಅಂತ ನಿಂತ ಇಂಜಿನ್‌ನಲ್ಲಿ ಮೊದಲು ನೋಡಬೇಕಾದದ್ದು ಇದೇ. ಕಿರಿಕಿರಿ ಅಂತ ಕ್ಲಿಪ್ಪನ್ನು ಅಲ್ಲೇ ಟೇಪ್ ಸುತ್ತಿ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಸವಾರನಿಲ್ಲದ ದೋಣಿ ಸುತ್ತು ಹೊಡೆದು ಬಿದ್ದವರ ಮೇಲೇ ಬರುತ್ತದೆ.

ಗಿಯರ್ ನ್ಯೂಟ್ರಲ್‌ನಲ್ಲಿದೆಯೇ? ಬಹಳಷ್ಟು ಇಂಜಿನ್ ಗಿಯರ್‌ನಲ್ಲಿದ್ದರೆ ಚಾಲೂ ಆಗುವುದಿಲ್ಲ. ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ ಹಸಿರು ಹುಡಿ ಕಟ್ಟಿದ್ದರೆ ಬಿಚ್ಚಿ, ಚಾಕುವಿನಿಂದ ಕೆರೆದು, ಬಿಗಿ ಮಾಡಿ. ಸೆಲ್ಫ್ ಹತ್ತು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ, ನಡುವೆ ಬಿಡುವು ಕೊಡಿ. ಬ್ಯಾಟರಿ ಸತ್ತಿದ್ದರೆ ತುರ್ತು ಹಗ್ಗ. ಕವರ್ ತೆಗೆದು ಫ್ಲೈವ್ಹೀಲ್, ಅಂದರೆ ಇಂಜಿನ್ ಮೇಲಿನ ಭಾರದ ಚಕ್ರದ ಕಚ್ಚಿಗೆ ಸುತ್ತಿ ಎಳೆಯುವುದು. ಇದನ್ನು ಕಡಲಲ್ಲಿ ಮೊದಲ ಸಲ ಮಾಡಬೇಡಿ, ಮನೆಯ ಅಂಗಳದಲ್ಲಿ ಒಮ್ಮೆ ಎಳೆದು ನೋಡಿರಿ. ಎದ್ದ ಮೇಲೆ ಚಕ್ರ ತೆರೆದೇ ಇರುತ್ತದೆ. ಅಂಗಿಯ ತೋಳು, ಓಢಣಿ, ಕೊರಳ ದಾರ ದೂರ ಇರಲಿ.

ಹಂತ 6: ಬಿಸಿ

ಔಟ್‌ಬೋರ್ಡ್ ತಣ್ಣಗಾಗುವುದು ಕಡಲ ನೀರಿನಿಂದಲೇ. ಕೆಳಗಿನ ಜಾಲರಿಯಿಂದ ನೀರೆಳೆದು, ಒಳಗೆ ಸುತ್ತಿಸಿ, ಹಿಂದಿನಿಂದ ಸಣ್ಣ ಧಾರೆಯಾಗಿ ಹೊರಗೆ ಬಿಡುತ್ತದೆ. ಓಡಿಸುವಾಗ ಆಗಾಗ ತಿರುಗಿ ಆ ಧಾರೆ ನೋಡುವ ರೂಢಿ ಇಟ್ಟುಕೊಳ್ಳಿ. ಧಾರೆ ನಿಂತರೆ ಅಥವಾ ಇಂಜಿನ್ ಚೀರಿದರೆ ಆ ಕ್ಷಣ ಬಂದ್ ಮಾಡಿ. "ದಡ ಹತ್ರಾನ ಐತಿ, ಹೋಗೋಣ ನಡಿ" ಅಂದವರು ಪಿಸ್ಟನ್ ಜಾಮ್ ಮಾಡಿಕೊಂಡು ನನ್ನ ಶೆಡ್ಡಿಗೆ ಬರುತ್ತಾರೆ.

ಇಂಜಿನ್ ಮೇಲೆತ್ತಿ ಜಾಲರಿ ನೋಡಿ. ಹತ್ತರಲ್ಲಿ ಏಳು ಸಲ ಪ್ಲಾಸ್ಟಿಕ್ ಚೀಲ ಅಂಟಿರುತ್ತದೆ. ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗದಲ್ಲಿ ಇದು ಜಾಸ್ತಿ. ಜಾಲರಿ ಚೊಕ್ಕ ಇದ್ದರೆ ಧಾರೆ ಬರುವ ತೂತಿಗೆ ದಪ್ಪ ಗಾಳದ ದಾರ ಚುಚ್ಚಿ ನೋಡಿ, ಉಪ್ಪು ಕಟ್ಟಿರಬಹುದು. ಎರಡೂ ಅಲ್ಲ ಅಂದರೆ ಇಂಪೆಲ್ಲರ್ ಹೋಗಿದೆ. ನೀರೆಳೆಯುವ ರಬ್ಬರಿನ ಪುಟ್ಟ ಚಕ್ರ ಅದು. ಔಟ್‌ಬೋರ್ಡ್‌ನಲ್ಲಿ ಅದನ್ನು ಬದಲಿಸೋಕೆ ಇಂಜಿನ್ನಿನ ಕೆಳಭಾಗವನ್ನೇ ಇಳಿಸಬೇಕು. ಅಲೆಯ ಮೇಲೆ ಅದು ಆಗುವ ಕೆಲಸವಲ್ಲ, ಬೋಲ್ಟು ನೀರುಪಾಲಾಗುತ್ತವೆ. ಲಂಗರಿನ ಮೇಲೇ ಇರಿ, ಎಳೆಸಿಕೊಳ್ಳಿ.

ಹಂತ 7: ಫ್ಯಾನು

ಬಲೆ, ಹಗ್ಗ ಸುತ್ತಿಕೊಳ್ಳುವುದು ಮಾಮೂಲು. ಇಂಜಿನ್ ಬಂದ್, ಬೀಗದ ಕೈ ಜೇಬಿಗೆ, ಕಿಲ್ ಸ್ವಿಚ್ ದಾರ ಕಿತ್ತು ಕೈಗೆ. ಆಮೇಲೆಯೇ ಇಂಜಿನ್ ಎತ್ತಿ ಕೈ ಹಾಕಿ. ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಅರ್ಧ ತಾನೇ ಬಿಚ್ಚುತ್ತದೆ. ಉಳಿದದ್ದನ್ನು ಕೊಯ್ಯಿರಿ. ನೀರಿಗೆ ಇಳಿಯಬೇಡಿ. ಥರ್ಮಾಕೋಲ್ ತೇಲುಗಳ ಸಾಲು ಕಂಡರೆ ಅದು ಯಾರದ್ದೋ ಬಲೆ, ಯಾರದ್ದೋ ಅನ್ನ. ಸುತ್ತು ಹಾಕಿ ಹೋಗಿ. ಸಿಕ್ಕಿಹಾಕಿಕೊಂಡು ಕೊಯ್ಯಬೇಕಾಗಿ ಬಂದರೆ ಬಲೆಯವರನ್ನು ಹುಡುಕಿ ಮಾತಾಡಿ.

ಇಂಜಿನ್ ಭೋರ್ ಅನ್ನುತ್ತಿದೆ, ದೋಣಿ ಕದಲುತ್ತಿಲ್ಲ ಅಂದರೆ ಪಿನ್ನು ತುಂಡಾಗಿದೆ ಅಥವಾ ಫ್ಯಾನಿನ ಒಳಗಿನ ರಬ್ಬರ್ ಬುಷ್ ಜಾರುತ್ತಿದೆ. ಪಿನ್ನು ಬದಲಿಸುವುದು ಐದು ನಿಮಿಷದ ಕೆಲಸ. ಬುಷ್ ಆಗಿದ್ದರೆ ರೇಸ್ ಕಡಿಮೆ ಮಾಡಿ, ನಿಧಾನಕ್ಕೆ ಎಳೆದುಕೊಂಡು ಬರುತ್ತದೆ.

ಸ್ಟೇರಿಂಗ್ ಕೇಬಲ್ ತುಂಡಾದರೆ ಹುಟ್ಟನ್ನೇ ಚುಕ್ಕಾಣಿಯಾಗಿ ಹಿಂದೆ ಹಿಡಿಯಿರಿ. ಗಿಯರ್ ಕೇಬಲ್ ಹೋದರೆ ಇಂಜಿನ್ ಬಂದ್ ಮಾಡಿ, ಕವರ್ ಒಳಗಿನ ಲಿವರನ್ನು ಕೈಯಿಂದ ಸರಿಸಬಹುದು.

ಡೀಸೆಲ್ ಇದ್ದವರಿಗೆ

ಹಾನಗಲ್, ನವಲಗುಂದ ಕಡೆ ಹೊಲದಲ್ಲಿ ಡೀಸೆಲ್ ಪಂಪ್‌ಸೆಟ್ ನಡೆಸಿದವರಿಗೆ ನಾನು ಹೊಸದೇನೂ ಹೇಳಬೇಕಿಲ್ಲ. "ಏರ್ ತಗೊಂಡೈತಿ", ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದೆ ಅನ್ನುವುದು ಇಲ್ಲೂ ಅದೇ ರೋಗ. ಮೊದಲು ಸ್ಟಾಪ್ ಲಿವರ್ ಎಳೆದ ಜಾಗದಲ್ಲೇ ಸಿಕ್ಕಿಕೊಂಡಿದೆಯೇ ನೋಡಿ. ಆಮೇಲೆ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈ ಪಂಪು ಒತ್ತುತ್ತಾ ಹೋಗಿ. ನೊರೆ ನೊರೆಯಾಗಿ ಬರುವುದು ನಿಂತು ಡೀಸೆಲ್ ತಿಳಿಯಾಗಿ ಬಂದಾಗ ಬಿಗಿ ಮಾಡಿ. ಅದೇ ರೀತಿ ಪಂಪಿನ ಹತ್ತಿರ. ಇಂಜೆಕ್ಟರ್ ನಟ್ಟು ಸಡಿಲಿಸಿ ತಿರುಗಿಸುವಾಗ ಕೈ, ಮುಖ ದೂರ ಇಡಿ. ಆ ಒತ್ತಡದ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಹೊಸ ಕಾಮನ್ ರೈಲ್, ಅಂದರೆ ತೀರಾ ಜಾಸ್ತಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಇಂಜಿನ್ ಆಗಿದ್ದರೆ ಆ ನಟ್ಟು ಮುಟ್ಟಲೇಬೇಡಿ.

ಹೊಲದಲ್ಲಿ ಇಲ್ಲದ, ದೋಣಿಯಲ್ಲಿ ಮಾತ್ರ ಇರುವ ಎರಡು ಅಪಾಯಗಳಿವೆ. ಒಂದು, ಕಡಲ ನೀರು ಒಳಗೆ ಬರುವ ವಾಲ್ವು. ನೀರಿನ ಜಾಲರಿ ಬಿಚ್ಚುವ ಮುಂಚೆ ಅದನ್ನು ಮುಚ್ಚಬೇಕು. ಇಲ್ಲದಿದ್ದರೆ ದೋಣಿಯಲ್ಲೇ ಕಾರಂಜಿ. ಚೊಕ್ಕ ಮಾಡಿದ ಮೇಲೆ ತೆರೆಯೋಕೆ ಮರೆಯಬಾರದು. ಎರಡು, ಇಂಜಿನ್ ಏಳದೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತಿದ್ದರೆ ಪ್ರತಿ ಸಲವೂ ಸೈಲೆನ್ಸರ್‌ಗೆ ನೀರು ತುಂಬುತ್ತದೆ. ಹೊಗೆ ತಳ್ಳದೆ ಆ ನೀರು ಹೊರಗೆ ಹೋಗುವುದಿಲ್ಲ, ತಿರುಗಿ ಸಿಲಿಂಡರ್‌ಗೆ ಇಳಿಯುತ್ತದೆ. ಹಾಗಾಗಿ ಜಾಸ್ತಿ ಸಲ ಹೊಡೆಯಬೇಕಾದರೆ ವಾಲ್ವು ಮುಚ್ಚಿ ಹೊಡೆಯಿರಿ, ಎದ್ದ ಕೂಡಲೇ ತೆರೆಯಿರಿ. ಡೀಸೆಲ್ ಇಂಜಿನ್‌ನಲ್ಲಿ ಇಂಪೆಲ್ಲರ್ ಸಾಮಾನ್ಯವಾಗಿ ಎದುರಿಗೇ ಇರುತ್ತದೆ, ನಾಲ್ಕಾರು ಸ್ಕ್ರೂ ಬಿಚ್ಚಿದರೆ ಸಿಗುತ್ತದೆ. ಮುರಿದ ರಬ್ಬರ್ ಎಸಳುಗಳನ್ನು ಎಣಿಸಿ. ಒಂದು ಕಡಿಮೆ ಬಿದ್ದರೆ ಅದು ಮುಂದಿನ ಪೈಪಿನಲ್ಲಿ ಕೂತಿದೆ.

ಹಂತ 8: ಎಳೆಸಿಕೊಳ್ಳುವುದು

ಒಂದು ತಾಸಿನಲ್ಲಿ ಇಂಜಿನ್ ಏಳದಿದ್ದರೆ ಬಿಡಿ. ಹೊತ್ತು ಮುಳುಗುವ ಮುಂಚೆ ಮನೆ ಸೇರುವುದು ಮುಖ್ಯ. ದಾಟುವ ಮೀನುಗಾರರ ಬೋಟಿಗೆ ಎರಡೂ ಕೈ ಚಾಚಿ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ. ಒಂದೇ ಕೈ ಬೀಸಿದರೆ ಟಾಟಾ ಮಾಡಿದ ಹಾಗೆ ಕಾಣುತ್ತದೆ, ಅವರೂ ಟಾಟಾ ಮಾಡಿ ಹೋಗುತ್ತಾರೆ. ಬೋಟು ನಡೆಸುವವರಿಗೆ ತಾಂಡೇಲ ಅನ್ನುತ್ತಾರೆ. "ತಾಂಡೇಲರೇ, ಸ್ವಲ್ಪ ಎಳೆದು ಕೊಡ್ತೀರಾ?" ಅಂತ ಮರ್ಯಾದೆಯಿಂದ ಕೇಳಿ. ಅವರ ದುಡಿಮೆಯ ಹೊತ್ತು ಅದು. ಡೀಸೆಲ್ ಖರ್ಚು, ಮೇಲೆ ಏನು ಕೊಡಬೇಕು ಅಂತ ಹಗ್ಗ ಕಟ್ಟುವ ಮುಂಚೆಯೇ ಮಾತಾಡಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಹಗ್ಗವನ್ನು ಮೂತಿಯ ಗಟ್ಟಿ ಕಬ್ಬಿಣದ ಬಳೆಗೆ ಕಟ್ಟಿ, ಕೈ ಹಿಡಿಯುವ ಕಂಬಿಗೆ ಬೇಡ, ಕಿತ್ತು ಬರುತ್ತದೆ. ಜನ ಹಿಂದಕ್ಕೆ ಕೂರಲಿ, ಮೂತಿ ಹಗುರಾಗಲಿ. ಹಗ್ಗದ ನೇರಕ್ಕೆ ಯಾರೂ ಇರಬಾರದು. ತುಂಡಾದ ಹಗ್ಗ ಚಾಟಿಯ ಹಾಗೆ ಬರುತ್ತದೆ. ಚಾಕು ಕೈಯಲ್ಲೇ ಇರಲಿ. ಎಳೆಯುವವರಿಗೆ ನಿಧಾನ ಅಂತ ಮೊದಲೇ ಹೇಳಿ. ಅವರ ನಿಧಾನ ನಿಮಗೆ ಜೋರಾಗಿರುತ್ತದೆ.

ಎಲ್ಲಿಗೆ? ಬಡಗಿನಿಂದ ತೆಂಕಿಗೆ ಕಾರವಾರದ ಬೈತಖೋಲ್, ಬೇಲೇಕೇರಿ, ಅಘನಾಶಿನಿಯ ತದಡಿ, ಶರಾವತಿಯ ಹೊನ್ನಾವರ. ಗೋಕರ್ಣ ಕಣ್ಣಿಗೆ ಹತ್ತಿರ ಕಂಡರೂ ಅದು ಬರೀ ತೆರೆದ ಕಡಲ ತೀರ, ಬಂದರಲ್ಲ. ಅರೆಜೀವದ ಇಂಜಿನ್ ಇಟ್ಟುಕೊಂಡು ಇಳಿತದ ಹೊತ್ತಿನಲ್ಲಿ ಅಳಿವೆಗೆ ನುಗ್ಗಬೇಡಿ. ಹೊರಗೆ ಹರಿಯುವ ನದಿ, ಒಳಗೆ ಬರುವ ಅಲೆ ಮರಳಿನ ದಿಬ್ಬದ ಮೇಲೆ ಡಿಕ್ಕಿಯಾಗಿ ನೀರು ಗೋಡೆಯ ಹಾಗೆ ಏಳುತ್ತದೆ. ಹೊನ್ನಾವರದಲ್ಲಿ ಇದು ಇನ್ನೂ ಕಷ್ಟ, ಊರಿನವರೇ ಹುಷಾರಾಗಿ ದಾಟುತ್ತಾರೆ. ಭರತ, ಇಳಿತ ಸುಮಾರು ಆರಾರು ತಾಸಿಗೆ ಬದಲಾಗುತ್ತವೆ. ಹೊರಗೆ ಲಂಗರು ಹಾಕಿ ಭರತಕ್ಕೆ ಕಾಯಿರಿ.

ಹಂತ 9: ಮನೆಗೆ ಬಂದ ಮೇಲೆ

ಇಂಜಿನ್ ನೀರಿಗೆ ಬಿದ್ದು ಎತ್ತಿದ್ದಾದರೆ ಬಿಸಿಲಿಗೆ ಒಣಗಿಸಬೇಡಿ. ಗಾಳಿ ತಾಗಿದ ಕೂಡಲೇ ತುಕ್ಕು ಶುರು. ಸಿಹಿನೀರಲ್ಲಿ ತೊಳೆದು, ಪ್ಲಗ್ ಬಿಚ್ಚಿ ಒಳಗಿನ ನೀರು ಹೊರಗೆ ಬರುವ ತನಕ ತಿರುಗಿಸಿ, ಅದೇ ದಿನ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ನಾಳೆ ಅಂದರೆ ಖರ್ಚು ಹತ್ತು ಪಟ್ಟು.

ಕೆಡದೆ ಬಂದ ಇಂಜಿನ್‌ಗೂ ಪ್ರತಿ ಸಲ ಸಿಹಿನೀರಿನ ಸ್ನಾನ ಬೇಕು. ದೊಡ್ಡ ಡ್ರಮ್ಮಿನಲ್ಲಿ ಜಾಲರಿ ಮುಳುಗುವಷ್ಟು ನೀರು ತುಂಬಿ, ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಓಡಿಸಿ. ನಮ್ಮ ಹುಬ್ಬಳ್ಳಿಯಲ್ಲಿ ನಳ ದಿನಾ ಬರುವುದಿಲ್ಲ, ಗೊತ್ತು. ಮಲಪ್ರಭೆಯ ನೀರು ಬಂದ ದಿನ ಒಂದು ಡ್ರಮ್ ಇದಕ್ಕೇ ಅಂತ ತೆಗೆದಿಡಿ. ಓಡಿಸಿದ ಮೇಲೆ ಆ ನೀರಿನಲ್ಲಿ ಉಪ್ಪು, ಆಯಿಲ್ ಎರಡೂ ಇರುತ್ತವೆ. ನೀರು ದಂಡ ಅಂತ ಗಿಡಕ್ಕೆ ಹಾಕಬೇಡಿ. ನಮ್ಮ ಮನೆಯ ಹಿತ್ತಲಲ್ಲಿ ಒಂದು ಒಳ್ಳೆಯ ಕರಿಬೇವಿನ ಗಿಡ ಇತ್ತು.